ಇಂಜಿನ್ ಒಡೆಯುತ್ತಿದ್ದ ಮೇಸ್ತ್ರಿ

ಮೇಸ್ತ್ರಿ ನನಗೆ ಮೊದಲ ಸಲ ಹೊಡೆದದ್ದು ಪರಿಚಯವಾದ ಹತ್ತೇ ನಿಮಿಷಕ್ಕೆ.

ರಾಮನಗರದಿಂದ ಮಾಗಡಿ ಕಡೆಗೆ ಹೋಗುವ ರಸ್ತೆಯಲ್ಲಿ, ಬಂಡೆಗುಡ್ಡಕ್ಕೆ ಬೆನ್ನು ಮಾಡಿಕೊಂಡು ಅವರ ತಗಡಿನ ಶೆಡ್ಡಿತ್ತು. ಅದರ ಹಿಂದೆಯೇ ಮನೆ. ಕಪ್ಪು ಹೊಗೆ ಕಾರುತ್ತಿದ್ದ ನನ್ನ ವ್ಯಾನನ್ನು ಅಲ್ಲಿಗೆ ತಳ್ಳಿಸಿಕೊಂಡು ಹೋಗಿದ್ದೆ. ಆಯಿಲ್ ಯಾವಾಗ ಬದಲಾಯಿಸಿದ್ದು ಎಂದು ಕೇಳಿದರು. ಹೋದ ತಿಂಗಳು ಎಂದು ಬಾಯಿಗೆ ಬಂದದ್ದನ್ನು ಹೇಳಿದೆ. ಅವರು ಆಯಿಲ್ ಕಡ್ಡಿ ಎಳೆದು, ತುದಿಗೆ ಅಂಟಿದ್ದ ಡಾಂಬರಿನಂಥ ಕಪ್ಪನ್ನು ಬೆರಳಿಗೆ ತೆಗೆದುಕೊಂಡು ನನ್ನ ಕೆನ್ನೆಗೆ ಸವರಿದರು. ಸವರಿದ ಜಾಗಕ್ಕೇ ಒಂದು ಬಾರಿಸಿದರು.

"ಹೆಂಡ್ತಿ ತಾವ ಸುಳ್ಳೇಳು, ಪೊಲೀಸ್ನೋರ ತಾವ ಸುಳ್ಳೇಳು. ಇಲ್ಲಿ ಹೇಳ್ಬ್ಯಾಡ ಕಣ್ಲಾ."

ನಾನೇನು ಹಸುವಿನಂಥ ಮನುಷ್ಯನಲ್ಲ. ಮದುವೆಯಾಗಿ ಎರಡು ಮಕ್ಕಳ ತಂದೆಯಾದವನು, ಕಂಡವರ ಕೈಲಿ ಏಟು ತಿಂದುಕೊಂಡು ಸುಮ್ಮನಿರುತ್ತೇನೆಯೇ? ಅವರ ಕಾಲರಿಗೆ ಕೈ ಹಾಕಿದೆ. ಇಬ್ಬರೂ ಗ್ರೀಸ್ ಡಬ್ಬದ ಮೇಲೆ ಬಿದ್ದು ಹೊರಳಾಡಿದೆವು. ಮನೆಯಿಂದ ಅವರ ಹೆಂಡತಿ, ಮುಂದೆ ನಾನು ಅಕ್ಕ ಎಂದೇ ಕರೆದಾಕೆ, ಒಂದು ಬಕೆಟ್ ನೀರು ತಂದು ಇಬ್ಬರ ಮೇಲೂ ಸುರಿದು, ಖಾಲಿ ಬಕೆಟ್ ಹಿಡಿದುಕೊಂಡು ಒಳಗೆ ಹೋದರು. ಮುಖದಲ್ಲಿ ಕೋಪವೂ ಇರಲಿಲ್ಲ. ಆ ಶೆಡ್ಡಿನಲ್ಲಿ ಅದು ದಿನದ ಕೆಲಸವೆಂದು ನನಗೆ ಆಮೇಲೆ ಗೊತ್ತಾಯಿತು.

ಈಚೆಗೆ ಮೇಸ್ತ್ರಿ ತೀರಿಕೊಂಡರು. ಒಳ್ಳೆಯ ಮನುಷ್ಯ ಹೋಗಿಬಿಟ್ಟರು ಎಂದು ನಾಲ್ಕು ಸಾಲು ಬರೆದು ಮುಗಿಸಬಹುದಿತ್ತು. ಆದರೆ ಅವರ ವಿಷಯ ಬರೆಯಲು ಕೂತರೆ ನಾನು ಮಾಡಿದ ಒಂದು ನೀಚ ಕೆಲಸವನ್ನೂ ಬರೆಯಬೇಕಾಗುತ್ತದೆ. ಅದನ್ನು ಬಿಟ್ಟು ಬರೆದರೆ ಇನ್ನೂ ನೀಚನಾಗುತ್ತೇನೆ.

ಮೇಸ್ತ್ರಿ ಆಳು ಕುಳ್ಳ. ತೋಳು ಮಾತ್ರ ಒನಕೆ. ಸಿಟ್ಟು ಬಂದರೆ ಕೈಯಲ್ಲಿದ್ದದ್ದು ಗಾಳಿಯಲ್ಲಿ ಹಾರುತ್ತಿತ್ತು, ಅದು ಸ್ಪ್ಯಾನರೋ, ಚಹಾದ ಲೋಟವೋ, ಪೂರ್ತಿ ಬ್ಯಾಟರಿಯೋ ಎಂಬುದು ಬಗ್ಗಿದವನ ಅದೃಷ್ಟ. ಒಂದು ಮಧ್ಯಾಹ್ನ ಒಬ್ಬ ಡ್ರೈವರ್ ಮೂಗಿನವರೆಗೂ ಕುಡಿದು ಗಾಡಿ ಬಿಡಿಸಿಕೊಳ್ಳಲು ಬಂದ. ಮೇಸ್ತ್ರಿ ಅವನ ಕೈಯಿಂದ ಕೀ ಕಿತ್ತುಕೊಂಡು, ಕಬ್ಬಿಣದ ದಿಮ್ಮಿಯ ಮೇಲಿಟ್ಟು, ಸುತ್ತಿಗೆಯಿಂದ ಚಪ್ಪಟೆಯಾಗುವವರೆಗೆ ಬಡಿದು, ಅದನ್ನೇ ಅವನ ಜೇಬಿಗೆ ಹಾಕಿ ಕಳಿಸಿದರು. ಮಾರನೆಯ ದಿನ ಅವನೇ ಬಂದು ತಲೆ ತಗ್ಗಿಸಿ ನಿಂತ. ಹೊಸ ಕೀ ಮಾಡಿಸಿಕೊಟ್ಟವರೂ ಮೇಸ್ತ್ರಿಯೇ, ಕೊಡುವ ಮೊದಲು ತಲೆಯ ಮೇಲೊಂದು ಕುಟ್ಟಿದವರೂ ಅವರೇ.

ಮನುಷ್ಯರ ಮೇಲೆ ಹೀಗೆ ಹರಿಹಾಯುತ್ತಿದ್ದ ಬಾಯಿ ಇಂಜಿನ್ನಿನ ಮುಂದೆ ಮೆತ್ತಗಾಗುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ, "ಎಲ್ಲವ್ವ ನೋವು?" ಎಂದು ಕೇಳುತ್ತಿದ್ದರು. ನಾವು ಯಾರಾದರೂ ನಕ್ಕರೆ ಆ ಸ್ಕ್ರೂಡ್ರೈವರೇ ಬರುತ್ತಿತ್ತು.

ಹಳೆಯ ಇಂಜಿನ್ ಬಿಚ್ಚಿದ ಮೇಲೆ ಇರುವುದು ಎರಡೇ ದಾರಿ. ಸವೆದ ಸಿಲಿಂಡರನ್ನು ಕೊರೆಸಿ, ಅಂದರೆ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿ, ಅದನ್ನೇ ಮತ್ತೆ ಎಬ್ಬಿಸುವುದು. ಇಲ್ಲವೆ ಅದನ್ನು ಇಳಿಸಿ ಬೇರೊಂದನ್ನು ಕೂರಿಸುವುದು. ಗಾಡಿ ಯಜಮಾನನಿಗೆ ಇದು ಮನೆಯಲ್ಲಿ ಊಟ ಸೇರದಂಥ ಚಿಂತೆ. ಮೇಸ್ತ್ರಿ ಮಾತ್ರ ಯಜಮಾನನ ಮುಖ ನೋಡಿ ಹೇಳುತ್ತಿರಲಿಲ್ಲ. ಬ್ಲಾಕನ್ನು, ಅಂದರೆ ಇಂಜಿನ್ನಿನ ಆ ದೊಡ್ಡ ಎರಕದ ಒಡಲನ್ನು, ತೊಳೆದು ಸೀಮೆಎಣ್ಣೆ ಬಳಿಯುತ್ತಿದ್ದರು. ಒರೆಸಿ ಒಣಗಿಸಿ, ಸೀಮೆಸುಣ್ಣದ ಪುಡಿ ತಿಕ್ಕಿ, ಹೊರಗೆ ಬಂದು ಬೀಡಿ ಹಚ್ಚುತ್ತಿದ್ದರು. ಬೀಡಿ ಮುಗಿಸಿ ಹೋಗಿ ನೋಡಿದಾಗ ಸುಣ್ಣ ಬೆಳ್ಳಗೇ ಇದ್ದರೆ ಬೋರಿಗೆ ಹೋಗಬಹುದು. ಎಲ್ಲಾದರೂ ಬಿರುಕಿದ್ದರೆ ಒಳಗೆ ಇಳಿದ ಸೀಮೆಎಣ್ಣೆ ಮೇಲೆ ಬಂದು ಬಿಳಿಯಲ್ಲಿ ಒದ್ದೆ ಗೆರೆ ಎದ್ದಿರುತ್ತಿತ್ತು. ಗೆರೆ ಎದ್ದರೆ ಮುಗಿಯಿತು, ಇನ್ನೊಂದು ಮಾತಿಲ್ಲ.

ಆಮೇಲೆ ನಡೆಯುತ್ತಿದ್ದದ್ದನ್ನು ನಾನು ಬೇರೆ ಯಾವ ಶೆಡ್ಡಿನಲ್ಲೂ ಕಂಡಿಲ್ಲ. ಸತ್ತ ಬ್ಲಾಕನ್ನು ಅಂಗಳಕ್ಕೆ ಉರುಳಿಸಿ, ಅದಕ್ಕೆ ಕೈ ಮುಗಿದು, ದೊಡ್ಡ ಸುತ್ತಿಗೆಯನ್ನು ಯಜಮಾನನ ಕೈಗೆ ಕೊಡುತ್ತಿದ್ದರು. ಮೊದಲ ಏಟು ಅವನೇ ಹಾಕಬೇಕು. ಮಿಕ್ಕದ್ದನ್ನು ಅವರು ಹಾಕುತ್ತಿದ್ದರು. ಎರಕದ ಕಬ್ಬಿಣ ಬಗ್ಗುವುದಿಲ್ಲ, ಒಡೆಯುತ್ತದೆ. ಚೂರುಗಳು ತಗಡಿಗೆ ಬಡಿದು ಸಿಡಿಯುತ್ತಿದ್ದವು; ಒಮ್ಮೆ ಒಂದು ಚೂರು ಅವರ ಹುಬ್ಬನ್ನೇ ಸೀಳಿತು, ರಕ್ತ ಕಣ್ಣಿಗೆ ಇಳಿಯುತ್ತಿದ್ದರೂ ಸುತ್ತಿಗೆ ಇಳಿಸಲಿಲ್ಲ. ಇಡೀ ಬ್ಲಾಕು ತೂಕಕ್ಕೆ ಹಾಕುವ ಚೂರಾಗುವವರೆಗೆ ಅವರಿಗೆ ಸಮಾಧಾನವಿಲ್ಲ. ಬಿರುಕು ಬಿಟ್ಟ ಬ್ಲಾಕಿಗೆ ಪೇಸ್ಟ್ ತುಂಬಿ, ಬೆಳ್ಳಿ ಬಣ್ಣ ಬಳಿದು, ಒಳ್ಳೇ ಸೆಕೆಂಡ್ಸ್ ಮಾಲು ಎಂದು ಮಾರುವ ಜನ ಇದ್ದಾರೆ. ಅವರ ಕೈಗೆ ಇದು ಹೋಗಬಾರದು, ಅಷ್ಟೇ ಲೆಕ್ಕ.

ನನ್ನ ವ್ಯಾನು ಅಪ್ಪ ಕೊಂಡದ್ದು. ಬೆಳಿಗ್ಗೆ ಮಾಗಡಿ ಕಡೆಯ ಹಳ್ಳಿಗಳಿಂದ ರೇಷ್ಮೆಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹಾಕುವುದು, ಅಲ್ಲಿಂದ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರನ್ನು ಕೂರಿಸಿಕೊಳ್ಳುವುದು, ಇದು ನನ್ನ ಕೆಲಸ. ಗೂಡು ತಡವಾದರೆ ಹರಾಜು ತಪ್ಪುತ್ತದೆ, ಹೆಂಗಸರು ತಡವಾದರೆ ಫ್ಯಾಕ್ಟರಿ ಗೇಟು ಮುಚ್ಚುತ್ತದೆ. ಗಾಡಿ ನಾಲ್ಕು ದಿನ ನಿಂತರೆ ಎರಡೂ ಬಾಡಿಗೆ ಬೇರೆಯವರ ಪಾಲು. ಅಂಥ ಗಾಡಿ ಏರು ಹತ್ತುವುದನ್ನು ಬಿಟ್ಟಿತು. ರೇಡಿಯೇಟರಿನಲ್ಲಿ ನೀರು ಕುದಿಯತೊಡಗಿತು. ಮೇಸ್ತ್ರಿ ಬಿಚ್ಚಿದರು. ಬೋರ್ ಮಾಡಿಸಿಕೊಡಿ, ಅಪ್ಪನ ಇಂಜಿನ್ನು, ಅದನ್ನೇ ಎಬ್ಬಿಸಿಕೊಡಿ ಎಂದು ನಾನು ಎರಡು ದಿನ ಅವರ ಬೆನ್ನು ಬಿದ್ದೆ. ಅವರು ಸುಣ್ಣ ತಿಕ್ಕಿದರು. ಚಕ್ರ ತಿರುಗಿಸುವ ಕ್ರ್ಯಾಂಕ್ ದಂಡ ಕೂರುವ ಜಾಗದಲ್ಲಿ ಗೇಣುದ್ದ ಗೆರೆ ಎದ್ದಿತು.

ಇಳಿಜಾರಿನಲ್ಲಿ ಕ್ರ್ಯಾಂಕ್ ಕಚ್ಚಿಕೊಂಡರೆ ಚಕ್ರ ನಿಂತುಬಿಡುತ್ತದೆ, ಹಿಂದೆ ಕೂತ ಹೆಂಗಸರು ಮುಂದಿನ ಗಾಜಿನಲ್ಲಿ ಹೊರಗೆ ಹೋಗುತ್ತಾರೆ ಎಂದು ಬಿಡಿಸಿ ಹೇಳಿದರು. ಹೇಳಿ ಸುತ್ತಿಗೆ ಚಾಚಿದರು. ನಾನು ಕೈ ನೀಡಲಿಲ್ಲ. ಅವ್ವ ಒಂದು ಸಲ ನೋಡಬೇಕಂತೆ, ಪೂಜೆ ಮಾಡಬೇಕಂತೆ, ನಾಳೆ ನಮ್ಮ ಹೊಲದಲ್ಲೇ ಒಡೆಯುತ್ತೇನೆ ಎಂದೆ. ಎಂಥ ಸುಳ್ಳನ್ನೂ ಮೂಸಿ ಹಿಡಿಯುತ್ತಿದ್ದ ಮನುಷ್ಯ ಅವ್ವನ ಹೆಸರು ಬಂದ ಕೂಡಲೇ ನಂಬಿಬಿಟ್ಟರು. ಬ್ಲಾಕನ್ನು ಆಟೋಗೆ ಹತ್ತಿಸಲು ತಾವೇ ಹೆಗಲು ಕೊಟ್ಟರು.

ಅದು ಹೊಲಕ್ಕೆ ಹೋಗಲಿಲ್ಲ. ಕನಕಪುರ ರಸ್ತೆಯ ಒಂದು ಗುಜರಿ ಯಾರ್ಡಿಗೆ ಹೋಯಿತು. ಹಳೆಯದು ಕೊಟ್ಟರೆ ಒಳ್ಳೆಯ ಇಂಜಿನ್ನನ್ನು ಕಡಿಮೆಗೆ ಕೊಡುತ್ತೇನೆಂದು ಯಾರ್ಡಿನವನು ಫೋನಿನಲ್ಲಿ ಹೇಳಿದ್ದ. ಅಪ್ಪನ ನೆನಪು, ಅವ್ವನ ಪೂಜೆ ಎಲ್ಲ ಬರೀ ನಾಟಕ. ಅವನು ಅದನ್ನು ಕರಗಿಸುತ್ತಾನೆ, ಇನ್ನೇನು ಮಾಡುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಒಡೆದೆಯಾ ಎಂದು ಮೇಸ್ತ್ರಿ ಕೇಳಿದಾಗ ಒಡೆದೆ ಎಂದೆ. ಎಷ್ಟು ಏಟಿಗೆ ಹೋಯಿತು ಎಂದು ಕೇಳಿದರು. ನಾಲ್ಕು ಎಂದೆ. ತಲೆಯಾಡಿಸಿ, ನಾನು ತಂದಿದ್ದ ಇಂಜಿನ್ನನ್ನು ಸುಣ್ಣ ತಿಕ್ಕಿ ನೋಡಿ, ಕೂರಿಸಿಕೊಟ್ಟರು.

ಕೆಲವು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಗೂಡಿನ ಮಾರುಕಟ್ಟೆಯಲ್ಲಿ ಬುಟ್ಟಿ ಇಳಿಸುತ್ತಿದ್ದೆ, ಮೇಸ್ತ್ರಿ ಎದುರಿಗೆ ಬಂದು ನಿಂತರು. ಕೈಯಲ್ಲಿ ಇಂಜಿನ್ನಿನ ಒಂದು ಬ್ರಾಕೆಟ್ಟು. ಹಿಂದೆ ಅದು ಮುರಿದಾಗ ಅವರೇ ಬೆಸುಗೆ ಹಾಕಿದ್ದು. ಕನಕಪುರದ ಯಾರ್ಡಿಗೆ ಯಾವುದೋ ಸಾಮಾನಿಗೆ ಹೋದವರಿಗೆ ರಾಶಿಯಲ್ಲಿ ಅದು ಕಣ್ಣಿಗೆ ಬಿದ್ದಿದೆ. ಬ್ರಾಕೆಟ್ಟು ಇಲ್ಲಿದ್ದರೆ ಬ್ಲಾಕು ಎಲ್ಲಿ ಎಂದು ಯಾರ್ಡಿನವನ ಕುತ್ತಿಗೆಯನ್ನು ಗೋಡೆಗೆ ಒತ್ತಿ ಹಿಡಿದು ಕೇಳಿದ್ದಾರೆ. ಅದು ಬಣ್ಣ ಬಳಿಸಿಕೊಂಡು ಚನ್ನಪಟ್ಟಣದ ಬೈರಾಪಟ್ಟಣಕ್ಕೆ ಹೋಗಿದೆ, ಶಾಲೆ ಮಕ್ಕಳನ್ನು ಕರೆದೊಯ್ಯುವ ವ್ಯಾನಿನೊಳಗಿದೆ ಎಂದು ಅವನು ಬಾಯಿಬಿಟ್ಟಿದ್ದಾನೆ.

ನಾನು ಕಣ್ಣು ಮುಚ್ಚಿ ಏಟಿಗೆ ಕಾದೆ. ಏಟು ಬೀಳಲಿಲ್ಲ. ಚಿಲ್ಲರೆ ತಪ್ಪಿಗೆಲ್ಲ ಕೈ ಎತ್ತುವ ಮನುಷ್ಯ ಅವತ್ತು ಕೈ ಎತ್ತಲಿಲ್ಲ.

"ಗೂಡು ಇಳ್ಸಿ, ಹೆಂಗಸ್ರುನ್ನ ಬುಟ್ಬಾ. ಬೈರಾಪಟ್ಣಕ್ಕೋಗಾಣ," ಎಂದರು.

ನನಗೆ ಹೊಡೆತಕ್ಕಿಂತ ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ದಾರಿಯಲ್ಲಿ ಅವರು ಮಾತಾಡಿದ್ದು ಒಂದೇ ಸಲ. ಅದೂ ರಸ್ತೆ ನೋಡಿಕೊಂಡೇ.

"ನನ್ ತಮ್ಮ ಸಾವನದುರ್ಗದ ತಾವ ಇಳಿಜಾರ್ನಲ್ಲಿ ಸತ್ತ. ಬ್ಲಾಕು ಸೀಳಿತ್ತು. ಒಡೀಬೇಕು ಕಣ್ಲಾ ಅಂದೆ, ನಾಳೆ ಒಡಿಯಾಣ ಅಣ್ಣ, ನಾಳೆ ಅಂದ. ತಮ್ಮ ಅಲ್ವಾ ಅಂತ ನಾನೇ ಬೆಸ್ಗೆ ಹಾಕಿ ಕೊಟ್ಬುಟ್ಟೆ."

ಬೈರಾಪಟ್ಟಣ ಮುಟ್ಟಿದಾಗ ಮಧ್ಯಾಹ್ನ. ಹಳದಿ ವ್ಯಾನು ಮನೆಯ ಮುಂದೆಯೇ ನಿಂತಿತ್ತು, ಬಾಗಿಲು ತೆರೆದಿತ್ತು. ಚಿಕ್ಕ ಮಕ್ಕಳನ್ನು ಆಗಷ್ಟೇ ಮನೆಗಳಿಗೆ ಬಿಟ್ಟು, ದೊಡ್ಡ ಮಕ್ಕಳನ್ನು ಕರೆತರುವ ಮೊದಲು ಅದರ ಯಜಮಾನ ಪುಟ್ಟಸ್ವಾಮಿ ಒಳಗೆ ಊಟಕ್ಕೆ ಕೂತಿದ್ದ. ಮೇಸ್ತ್ರಿ ಸೀಟಿನ ಪಕ್ಕದ ಮುಚ್ಚಳ ಎತ್ತಿ, ಬೆಳ್ಳಿ ಬಣ್ಣವನ್ನು ಉಗುರಿನಿಂದ ಕೆರೆದು, ಇಂಜಿನ್ ನಂಬರ್ ನೋಡಿದರು. ಅದೇ. ಚೀಲದಿಂದ ಉಳಿ, ಸುತ್ತಿಗೆ ತೆಗೆದರು. ಒಂದು ಮಾತು ಕೇಳಿಬಿಡೋಣ ಎಂದು ನಾನು ತೋಳು ಹಿಡಿದೆ. ಅವರು ಕೊಡವಿದರು.

"ಕೇಳುದ್ರೆ ನಾಳೆ ಅಂತಾನೆ. ನೀನೂ ನಾಳೆ ಅಂದಿದ್ದೆ."

ಮೊದಲ ಏಟಿಗೇ ಬ್ಲಾಕಿನ ಪಕ್ಕೆ ಬಿರಿಯಿತು. ಒಳಗಿದ್ದ ಕುದಿನೀರು ಅವರ ಎದೆಗೂ ಕುತ್ತಿಗೆಗೂ ಚಿಮ್ಮಿತು. ಹಲ್ಲು ಕಚ್ಚಿಕೊಂಡು ಹೊಡೆಯುತ್ತಲೇ ಇದ್ದರು. ಸದ್ದು ಕೇಳಿ ಪುಟ್ಟಸ್ವಾಮಿ ಎಂಜಲು ಕೈಯಲ್ಲೇ ಓಡಿಬಂದ. ಅವನು ಕಂಡದ್ದೇನು? ಯಾರೋ ಗುರುತಿಲ್ಲದವನು ತನ್ನ ಅನ್ನದ ಗಾಡಿಯೊಳಗೆ ಕೂತು ಇಂಜಿನ್ ಪುಡಿ ಮಾಡುತ್ತಿದ್ದಾನೆ. ಜಾಕ್ ರಾಡು ಕೈಗೆ ಸಿಕ್ಕಿತು. ಬೆನ್ನಿಗೆ ಹಾಕಿದ. ಮೇಸ್ತ್ರಿ ತಿರುಗಲಿಲ್ಲ. ಮತ್ತೆ ಹಾಕಿದ. ಮೂರನೆಯದು ಸುತ್ತಿಗೆ ಹಿಡಿದು ಇಂಜಿನ್ನಿನ ಮೇಲೆ ಊರಿದ್ದ ಬಲಗೈಗೆ ಬಿತ್ತು, ಕೆಳಗೆ ಕಬ್ಬಿಣ, ಮೇಲೆ ಕಬ್ಬಿಣ. ಮೂಳೆ ಮುರಿದ ಸದ್ದು ನನ್ನವರೆಗೂ ಬಂತು. ಸುತ್ತಿಗೆ ಬಿತ್ತು. ಅವರು ಅದನ್ನು ಎಡಗೈಗೆ ಎತ್ತಿಕೊಂಡು ಇನ್ನೂ ಎರಡು ಹಾಕಿದರು. ಬ್ಲಾಕಿನ ಒಂದು ದೊಡ್ಡ ಹೋಳು ಒಳಗೆ ಕುಸಿದ ಮೇಲೆಯೇ ನಿಲ್ಲಿಸಿದ್ದು.

ಅಷ್ಟರಲ್ಲಿ ಬೀದಿ ತುಂಬಿತ್ತು. ಅವರನ್ನು ಕಾಲು ಹಿಡಿದು ಕೆಳಗೆಳೆದರು. ಒದ್ದರು, ಚಪ್ಪಲಿಯಲ್ಲಿ ಬಾಯಿಗೆ ಹೊಡೆದರು. ನೆಲದಲ್ಲಿ ಬಿದ್ದುಕೊಂಡೇ ಅವರು ಬ್ಲಾಕು ಸೀಳಿದೆ, ಮಕ್ಕಳು ಸಾಯುತ್ತಾರೆ, ಬಿಚ್ಚಿ ನೋಡಿ ಎಂದು ಕೂಗುತ್ತಿದ್ದರು. ಸೀಳಿದ್ದು ನಿನಗೆ ಹೇಗೆ ಗೊತ್ತು, ಸೀಳಿದ ಬ್ಲಾಕನ್ನು ಯಾರ್ಡಿಗೆ ಮಾರಿದವನು ಯಾರು, ಹೇಳು ಎಂದು ಪುಟ್ಟಸ್ವಾಮಿ ಅವರ ಕೂದಲು ಹಿಡಿದು ತಲೆ ಎತ್ತಿದ.

"ಗೊತ್ತಿಲ್ಲ ಕಣಪ್ಪ," ಎಂದರು ಮೇಸ್ತ್ರಿ. ಬಾಯಿಂದ ರಕ್ತ ಸುರಿಯುತ್ತಿತ್ತು. ನನ್ನ ಕಡೆ ಕಣ್ಣೂ ಹಾಯಿಸಲಿಲ್ಲ.

ನಾನು ಹತ್ತು ಮಾರು ದೂರದಲ್ಲಿ ನನ್ನ ವ್ಯಾನಿಗೆ ಒರಗಿ ನಿಂತಿದ್ದೆ. ಯಾರೋ ನೀನ್ಯಾರು ಎಂದು ಕೇಳಿದರು. ಬಾಡಿಗೆಗೆ ಬಂದ ಡ್ರೈವರ್ ಎಂದೆ. ಇದನ್ನು ಬರೆಯುವಾಗ ನನಗೆ ನನ್ನ ಮುಖಕ್ಕೇ ಉಗಿಯಬೇಕೆನಿಸುತ್ತದೆ. ನಾನು ಒಂದು ಮಾತು ಆಡಿದ್ದರೆ ಅರ್ಧ ಏಟು ನನ್ನ ಕಡೆ ತಿರುಗುತ್ತಿತ್ತು. ಆಡಲಿಲ್ಲ. ಜನ ದಣಿದ ಮೇಲೆ, ಅದೇ ಬಾಡಿಗೆ ಡ್ರೈವರ್, ಅವರನ್ನು ಎತ್ತಿ ಹಾಕಿಕೊಂಡು ಚನ್ನಪಟ್ಟಣದ ಆಸ್ಪತ್ರೆಗೆ ಹೋದೆ.

ಮಾರನೆಯ ದಿನ ಊರಿನವರೇ ಬೇರೆ ಮೆಕ್ಯಾನಿಕ್ಕನ್ನು ಕರೆಸಿ ಇಂಜಿನ್ ಇಳಿಸಿದರು. ಕ್ರ್ಯಾಂಕಿನ ಕೆಳಗಿನ ಬಿರುಕು ಸುಣ್ಣವಿಲ್ಲದೆಯೇ ಕಾಣುವಷ್ಟು ಬಾಯಿಬಿಟ್ಟಿತ್ತು. ಇನ್ನು ಒಂದು ವಾರವೂ ಓಡುತ್ತಿರಲಿಲ್ಲ ಎಂದನಂತೆ ಅವನು. ಪುಟ್ಟಸ್ವಾಮಿಯ ಸ್ವಂತ ಮಗಳೂ ದಿನಾ ಆ ವ್ಯಾನಿನಲ್ಲೇ ಹೋಗುತ್ತಿದ್ದಳು. ಅವನು ಆಸ್ಪತ್ರೆಗೆ ಓಡಿಬಂದು ಮೇಸ್ತ್ರಿಯ ಮಂಚದ ಕಾಲು ಹಿಡಿದು ಅತ್ತ. ಮೇಸ್ತ್ರಿ ಸುಟ್ಟ ಕುತ್ತಿಗೆಯನ್ನು ತಿರುಗಿಸಲಾಗದೆ, ಛಾವಣಿ ನೋಡಿಕೊಂಡೇ, ಅಳುವುದನ್ನು ನಿಲ್ಲಿಸದಿದ್ದರೆ ಒದೆಯುತ್ತೇನೆ ಎಂದರು. ಬಿಡುವಾದಾಗಲೆಲ್ಲ ತಮಗೆಂದು ಜೋಡಿಸಿಟ್ಟಿದ್ದ ಒಂದು ಇಂಜಿನ್ ಶೆಡ್ಡಿನಲ್ಲಿತ್ತು. ಅದನ್ನೇ ಅವನ ವ್ಯಾನಿಗೆ ಕೊಟ್ಟರು.

ಅದು ಕೂರುವವರೆಗೆ ಎರಡು ತಿಂಗಳು ಬೈರಾಪಟ್ಟಣದ ಮಕ್ಕಳನ್ನು ನಾನು ಸಾಗಿಸಿದೆ. ನನ್ನ ಹಳೆಯ ಬಾಡಿಗೆಗಳಲ್ಲಿ ಅರ್ಧ ಹೋದವು, ಹೋಗಲಿ ಅಂದುಕೊಂಡೆ. ಪುಟ್ಟಸ್ವಾಮಿಗೆ ನಾನು ದೇವರಂಥ ಮನುಷ್ಯನಾಗಿಬಿಟ್ಟೆ. ಅವನ ಮನೆಯಲ್ಲಿ ಮುದ್ದೆ ಉಂಡೆ. ಅವನ ಮಗಳು ನನ್ನನ್ನು ಮಾವ ಎಂದು ಕರೆಯುತ್ತಿದ್ದಳು.

ಮೇಸ್ತ್ರಿಯ ಕೈ ಸರಿಹೋಗಲಿಲ್ಲ, ಅಷ್ಟು ನುಜ್ಜಾಗಿತ್ತು. ಮೂಳೆ ಕೂಡಿಕೊಂಡರೂ ಬೆರಳುಗಳು ಒಳಕ್ಕೆ ಮಡಿಸಿಕೊಂಡು ಹಾಗೇ ನಿಂತವು. ಅವರು ಕುರ್ಚಿ ಹಾಕಿಕೊಂಡು ಕೂತು, ಕೆಲಸಕ್ಕಿಟ್ಟ ಇಬ್ಬರು ಗಂಡಸರಿಗೆ ಬೈದು ಬೈದು ಮಾಡಿಸುತ್ತಿದ್ದರು. ಎಸೆತ ಎಡಗೈಗೆ ಬದಲಾಯಿತು, ಗುರಿ ತಪ್ಪುತ್ತಿತ್ತು, ಅದಕ್ಕೆ ಇನ್ನಷ್ಟು ಸಿಟ್ಟು. ಬೋರಿಗೆ ಹಾಕುವುದೋ ಬದಲಾಯಿಸುವುದೋ ಎಂದು ಕೇಳಲು ಜನ ಬರುವುದು ಮಾತ್ರ ನಿಲ್ಲಲಿಲ್ಲ. ಯಾರ ಎದುರಿಗೂ ಅವರು ಊಟಕ್ಕೆ ಕೂರುತ್ತಿರಲಿಲ್ಲ, ಅದೇಕೆಂದು ನಾನು ಯೋಚಿಸಲಿಲ್ಲ. ನಾನು ಹೋದಾಗ ಊಟದ ಹೊತ್ತಾಗಿದ್ದರೆ ಅಕ್ಕ ನನಗೊಬ್ಬನಿಗೇ ತಟ್ಟೆ ಇಡುತ್ತಿದ್ದರು.

ಒಂದೇ ಒಂದು ಸಲ, ಶೆಡ್ಡಿನಲ್ಲಿ ಯಾರೂ ಇಲ್ಲದಾಗ, ತಪ್ಪಾಯಿತು ಮೇಸ್ತ್ರಿ ಎಂದು ಬಾಯಿ ತೆರೆದೆ. ಮಾತು ಮುಗಿಸಲು ಬಿಡಲಿಲ್ಲ. ಫ್ಯಾನ್ ಬೆಲ್ಟ್ ಸಡಿಲ ಬಿದ್ದಿದೆ, ಸದ್ದು ಕೇಳುವುದಿಲ್ಲವೇ, ಕಿವಿಯಲ್ಲಿ ಏನು ತುಂಬಿಕೊಂಡಿದ್ದೀಯೆ ಎಂದು ಬೈಯತೊಡಗಿದರು. ನಾನು ಬೆಲ್ಟ್ ಬಿಗಿಮಾಡಿ ಬಂದೆ.

ಹೀಗೆ ನಾಲ್ಕು ವರ್ಷ. ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಕೂತವರು ಕೂತ ಹಾಗೇ ಹೋಗಿಬಿಟ್ಟರು. ಹೆಣವನ್ನು ಶೆಡ್ಡಿನ ಮುಂದೆ ಮಲಗಿಸಿದ್ದರು. ಮಾಗಡಿ, ಕನಕಪುರ, ಚನ್ನಪಟ್ಟಣದಿಂದ ಗಾಡಿಗಳು ಬಂದು ರಸ್ತೆಯ ಎರಡೂ ಕಡೆ ನಿಂತಿದ್ದವು. ಪುಟ್ಟಸ್ವಾಮಿ ದೊಡ್ಡ ಹಾರ ತಂದಿದ್ದ. ಹಾಕಿ, ಕಾಲಿಗೆ ಬಿದ್ದು, ಎದ್ದು ನನ್ನ ಪಕ್ಕ ಬಂದು ನಿಂತು ಕಣ್ಣೊರೆಸಿಕೊಂಡ.

"ಅವತ್ತು ಆ ಬ್ಲಾಕು ಯಾರ್ಡಿಗೆ ಮಾರ್ದೋನು ಯಾರು ಅಂತ ಯಾರ್ಡಿನೋನೂ ಹೇಳ್ನಿಲ್ಲ, ಕೊನೇಗಂಟ ಈ ಪುಣ್ಯಾತ್ಮನೂ ಬಾಯ್ಬುಡ್ನಿಲ್ಲ," ಎಂದ. "ಆ ನನ್ಮಗ ಒಂದಿನ ಸಿಗ್ಲಿ, ಇದೇ ಕೈಲಿ ಮುರೀತೀನಿ."

ಮೇಸ್ತ್ರಿಯ ಮಡಿಸಿಕೊಂಡ ಬಲಗೈಯನ್ನು ಯಾರೋ ಎದೆಯ ಮೇಲೆ ಇಟ್ಟಿದ್ದರು. ಅದರ ಮೇಲೆ ಹೂವು ನಿಲ್ಲದೆ ಜಾರುತ್ತಿತ್ತು.

"ನಾನೇ ಕಣಣ್ಣ ಮಾರ್ದೋನು," ಎಂದೆ.

ದುಃಖಕ್ಕೆ ಏನೋ ಒದರುತ್ತಿದ್ದೇನೆಂದು ಅವನು ನನ್ನ ಬೆನ್ನು ತಟ್ಟಿದ. ನಾನು ಇನ್ನೊಂದು ಸಲ ಹೇಳಿದೆ. ಯಾರ್ಡಿನ ವಿಷಯ, ಅವ್ವನ ಹೆಸರಿನಲ್ಲಿ ಹೇಳಿದ ಸುಳ್ಳು, ಬಾಡಿಗೆ ಡ್ರೈವರ್ ಎಂದದ್ದು, ಎಲ್ಲ ಹೇಳಿದೆ. ತಟ್ಟುತ್ತಿದ್ದ ಕೈ ನಿಂತಿತು. ಮೊದಲ ಗುದ್ದಿಗೆ ನನ್ನ ಮುಂದಿನ ಹಲ್ಲು ಅಲ್ಲಾಡಿತು. ಎರಡನೆಯದಕ್ಕೆ ಚಟ್ಟದ ಪಕ್ಕ ಬಿದ್ದೆ. ಅವನು ಹೊಟ್ಟೆಗೆ ಒದೆಯುತ್ತಿದ್ದ, ಅಳುತ್ತಲೂ ಇದ್ದ. ನಾನು ಕೈ ಅಡ್ಡ ಹಿಡಿಯಲಿಲ್ಲ. ಹೆಣದ ಮುಂದೆ ಇದೇನು ಎಂದು ನಾಲ್ಕೈದು ಜನ ನುಗ್ಗಿ ಬಂದು ಪುಟ್ಟಸ್ವಾಮಿಯ ಎರಡು ರೆಟ್ಟೆಗಳನ್ನೂ ಹಿಡಿದುಕೊಂಡರು.

ಹೆಣದ ತಲೆಯ ಬಳಿ ಕೂತಿದ್ದ ಅಕ್ಕ ಮುಖ ಎತ್ತಿದರು. ಅವರ ದನಿಯಲ್ಲಿ ಅಳುವಿರಲಿಲ್ಲ.

"ಬುಡ್ರಪ್ಪ ಅವ್ನ, ಹೊಡೀಲಿ. ನಾಕು ವರ್ಸ ಇವ್ರಿಗೆ ಕೈತುತ್ತು ತಿನ್ಸಿದೋಳು ನಾನು. ಅಂಥಾದ್ರಲ್ಲೂ ಇವ್ನು ಬಂದಾಗ್ಲೆಲ್ಲ ಒಸಿ ಅನ್ನ ಇಕ್ಕು ಅಂತಿದ್ರು. ಇಕ್ತಿದ್ದೆ."

ಹಿಡಿದುಕೊಂಡಿದ್ದವರು ಪುಟ್ಟಸ್ವಾಮಿಯನ್ನು ಬಿಟ್ಟರು.